ದೇವರ ಮುಂದೆ ನಿಲ್ಲೋದಕ್ಕೆ ಯಾರ ಅಪ್ಪಣೆ ಬೇಕು?

ಯಲ್ಲದಕೆರೆಯಲ್ಲಿ ಸಭೆ ಮುಗಿದು ಜಮಖಾನ ಸುತ್ತುತ್ತಿದ್ದೆವು. ಹಾಸ್ಟೆಲಿನ ಒಬ್ಬ ಹುಡುಗ ಹೋಗದೆ ಗೋಡೆ ಪಕ್ಕ ನಿಂತಿದ್ದ. ಎಲ್ಲರೂ ಹೊರಟ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅಣ್ಣಾ, ನಮ್ಮವ್ವ ಭಾನುವಾರ ಪ್ರಾರ್ಥನೆಗೆ ಹೋಗ್ತಾಳೆ. ನನ್ನ ಸರ್ಟಿಫಿಕೇಟ್ ಹೋಗ್ತದಾ?"

ದೇವರು ಇದ್ದಾನಾ ಅಂತ ಅವನು ಕೇಳಲಿಲ್ಲ. ಏಸು ಸರಿಯಾ ಬುದ್ಧ ಸರಿಯಾ ಅಂತಲೂ ಕೇಳಲಿಲ್ಲ. ಅವ್ವ ಕಣ್ಣು ಮುಚ್ಚಿ ಕೂತರೆ ಮಗನ ಸ್ಕಾಲರ್‌ಶಿಪ್ ನಿಲ್ಲುತ್ತಾ ಅಂತ ಕೇಳಿದ. ಗೌಡರ ಮನೆಯ ಪೂಜೆ ಪೂಜೆಯಾಗಿಯೇ ಇರುತ್ತದೆ. ನಮ್ಮ ಕೇರಿಯ ಪ್ರಾರ್ಥನೆ ಮಾತ್ರ ತಾಲ್ಲೂಕು ಆಫೀಸಿನ ಫೈಲಾಗುತ್ತದೆ. ಇದು ಯಾಕೆ ಹೀಗೆ ಅಂತ ಕೇಳಿಕೊಳ್ಳದೆ ನಾವು ಇನ್ನೊಂದು ಸಭೆ ಮಾಡಿ ಜೈಕಾರ ಹಾಕಿ ಪ್ರಯೋಜನ ಇಲ್ಲ. ಆದ್ದರಿಂದ ಈ ಸಲದ ಸಂಪಾದಕೀಯ ಆ ಹುಡುಗನಿಗೆ, ಅವನ ಹಾಗೆ ಗೋಡೆ ಪಕ್ಕ ನಿಂತು ಕೇಳಲಾರದೆ ಹೋದ ಎಲ್ಲ ಗೆಳೆಯರಿಗೆ.

ಮೊದಲು ಕಾನೂನಿನ ಮಾತು ಮುಗಿಸೋಣ. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶದಲ್ಲಿ ಮೂರನೆಯ ಪ್ಯಾರಾ ಅಂತ ಒಂದಿದೆ. ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮವನ್ನು ತನ್ನದೆಂದು ಹೇಳಿಕೊಳ್ಳುವ ವ್ಯಕ್ತಿ ಪರಿಶಿಷ್ಟ ಜಾತಿಯವನಲ್ಲ ಅನ್ನೋದು ಅದರ ಸಾರ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಅದರೊಳಕ್ಕೆ ಸೇರಿಸಿದರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಕ್ರೈಸ್ತನಾದ ದಲಿತ ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಹೋಗುತ್ತಾನೆ. ಅವನು ಬದುಕೋದು ಅದೇ ಕೇರಿಯಲ್ಲಿ, ಅದೇ ಜೋಪಡಿಯಲ್ಲಿ. ಊರಿನ ಹೋಟೆಲಿನವನು ಅವನನ್ನು ಕರೆಯೋದು ಅದೇ ಜಾತಿ ಹೆಸರಿನಲ್ಲಿ. ಸರ್ಕಾರದ ಕಣ್ಣಿಗೆ ಮಾತ್ರ ಅವನ ಅಸ್ಪೃಶ್ಯತೆ ದೀಕ್ಷಾಸ್ನಾನದ ನೀರಲ್ಲಿ ತೊಳೆದು ಹೋಗಿದೆ!

ಗಮನಿಸಿ, ಆದೇಶ ಹೇಳೋದು ಆ ವ್ಯಕ್ತಿಯ ಬಗ್ಗೆ. ಅವ್ವನ ನಂಬಿಕೆ ಅವ್ವನದು, ಮಗನ ನಂಬಿಕೆ ಮಗನದು. 2023ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಮುಂದೆ ಒಬ್ಬ ಹುಡುಗಿಯ ಕೇಸು ಬಂತು. ಅವರ ಮನೆ ಗೋಡೆ ಮೇಲೆ ಏಸುವಿನ ಚಿತ್ರ ಕಂಡಿತು ಅಂತ ಪರಿಶೀಲನಾ ಸಮಿತಿಯವರು ಜಾತಿ ಪತ್ರ ಕೊಡಲು ಒಪ್ಪಿರಲಿಲ್ಲ. ಮನೆಯಲ್ಲಿ ಚಿತ್ರ ಇದ್ದ ಮಾತ್ರಕ್ಕೆ ಮತ ಬದಲಾಯಿತು ಅಂತ ಹೇಳಕಾಗಲ್ಲ ಎಂದು ಕೋರ್ಟು ಆ ತೀರ್ಮಾನವನ್ನು ಹೊಡೆದು ಹಾಕಿತು. ಆದರೆ 2024ರ ನವೆಂಬರ್ 26ರಂದು ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು. ಪುದುಚೇರಿಯ ಒಬ್ಬ ಹೆಣ್ಣುಮಗಳು ಚರ್ಚಿಗೆ ಹೋಗಿ ಕ್ರೈಸ್ತಳಾಗಿಯೇ ಬದುಕುತ್ತಾ, ಕೆಲಸಕ್ಕಾಗಿ ಹಿಂದೂ ಪರಿಶಿಷ್ಟಳು ಅಂತ ಪತ್ರ ಕೇಳಿದರೆ ಅದು ಸಂವಿಧಾನಕ್ಕೆ ಮಾಡುವ ಮೋಸ ಅಂದಿತು.

ಅಂದರೆ ತಮ್ಮಾ, ಅವ್ವ ಪ್ರಾರ್ಥನೆಗೆ ಹೋದಳು ಅಂತ ನಿನ್ನ ಪತ್ರ ಹೋಗೋದಿಲ್ಲ, ಹೆದರಬೇಡ. ಆದರೆ ನಾಳೆ ನೀನೇ ಮನಸ್ಸಿಟ್ಟು ಏಸುವನ್ನು ನಂಬಿ, ನಾನು ಕ್ರೈಸ್ತ ಅಂತ ಬಾಯಿ ಬಿಟ್ಟು ಹೇಳಿದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಸುಳ್ಳು ಹೇಳಿದರೆ ಸೀಟು, ನಿಜ ಹೇಳಿದರೆ ನಷ್ಟ. ಹದಿನೆಂಟರ ಹುಡುಗನ ಮುಂದೆ ಇಂಥ ತಕ್ಕಡಿ ಹಿಡಿದು ನಿಂತಿರುವವರು ನಮಗೆ ನೀತಿ ಪಾಠ ಹೇಳುತ್ತಾರೆ.

ಇದಕ್ಕೊಂದು ಹಳೆಯ ಹೋಲಿಕೆ ಇದೆ. 1850ರಲ್ಲಿ ಕಂಪನಿ ಸರ್ಕಾರ ಒಂದು ಕಾಯ್ದೆ ಮಾಡಿತು. ಮತ ಬಿಟ್ಟ ಅಥವಾ ಜಾತಿಯಿಂದ ಹೊರಬಿದ್ದ ಮನುಷ್ಯನ ಪಿತ್ರಾರ್ಜಿತ ಆಸ್ತಿಯ ಹಕ್ಕನ್ನು ಆ ಕಾರಣಕ್ಕೆ ಕಿತ್ತುಕೊಳ್ಳಬಾರದು ಅಂತ. ಒಳ್ಳೆಯದೇ. ಆದರೆ ಪಿತ್ರಾರ್ಜಿತ ಆಸ್ತಿ ಯಾರಿಗಿತ್ತು? ನಮ್ಮ ಅಜ್ಜಂದಿರಿಗೆ ಪಿತ್ರಾರ್ಜಿತವಾಗಿ ಬಂದದ್ದು ಜೀತ ಮತ್ತು ತಮಟೆ. ನೂರು ವರ್ಷದ ನಂತರ ನಮಗೆ ಸಿಕ್ಕ ಒಂದೇ ಆಸ್ತಿ ಮೀಸಲಾತಿ. ಅದನ್ನು ಮಾತ್ರ ಮತ ಬಿಟ್ಟ ದಿನವೇ ಕಿತ್ತುಕೊಳ್ಳುತ್ತಾರೆ. ಆಸ್ತಿ ಇದ್ದವನ ಆತ್ಮಸಾಕ್ಷಿಗೆ 1850ರಲ್ಲೇ ರಕ್ಷಣೆ ಸಿಕ್ಕಿತು. ಆಸ್ತಿ ಇಲ್ಲದವನ ಆತ್ಮಸಾಕ್ಷಿಗೆ ಇವತ್ತಿಗೂ ದಂಡ ಬೀಳುತ್ತಿದೆ.

ಈಗ ನಮ್ಮ ಪಕ್ಕದ ತಾಲ್ಲೂಕಿಗೆ ಬರೋಣ. 2021ರ ಸೆಪ್ಟೆಂಬರ್ 21ರಂದು ವಿಧಾನಸಭೆಯಲ್ಲಿ ಹೊಸದುರ್ಗದ ಆಗಿನ ಶಾಸಕ ಗೂಳಿಹಟ್ಟಿ ಶೇಖರ್ ಎದ್ದು ನಿಂತು, ತಮ್ಮ ತಾಯಿಯೇ ಕ್ರೈಸ್ತ ಮತಕ್ಕೆ ಹೋಗಿದ್ದಾರೆ, ಹಣೆಗೆ ಕುಂಕುಮ ಇಡೋದು ಬಿಟ್ಟಿದ್ದಾರೆ, ಮೊಬೈಲ್ ರಿಂಗ್‌ಟೋನ್ ಸಹ ಕ್ರೈಸ್ತರದ್ದೇ ಅಂತ ಹೇಳಿದರು. ತಮ್ಮ ಕ್ಷೇತ್ರದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಮತಾಂತರ ಆಗಿದ್ದಾರೆ ಅಂತಲೂ ಅಂದರು. ಮಗನ ಸಂಕಟ ನಿಜವೇ ಇರಬಹುದು, ಅದನ್ನು ನಾವು ಹಗುರ ಮಾಡೋದಿಲ್ಲ. ಆದರೆ ಸದನದಲ್ಲಿ ಮಾತಾಡಿದ್ದು ಮಗ. ತಾಯಿಗೆ ಸದನದಲ್ಲಿ ಕುರ್ಚಿ ಇಲ್ಲ. ಒಬ್ಬ ಮುದಿ ಹೆಂಗಸು ಯಾವ ದೇವರ ಹೆಸರು ಹೇಳಿ ಮಲಗುತ್ತಾಳೆ ಅನ್ನೋದು ರಾಜ್ಯದ ಚರ್ಚೆಯ ವಿಷಯವಾಯಿತು. ಅವಳ ಬಾಯಿಂದ ಒಂದು ಮಾತು ಕೇಳದೆಯೇ ವಾದ ನಡೆದುಹೋಯಿತು. ಅಕ್ಟೋಬರಿನಲ್ಲಿ ಆ ತಾಯಿ ಮತ್ತು ಇನ್ನು ಕೆಲವರು ಹಿಂದೂ ಧರ್ಮಕ್ಕೆ ಮರಳಿದರು ಅಂತ ಪತ್ರಿಕೆಗಳಲ್ಲಿ ಬಂತು. ಹೋದದ್ದೂ ಅವರ ಹಕ್ಕು, ಬಂದದ್ದೂ ಅವರ ಹಕ್ಕು. ಎರಡನ್ನೂ ನಾವು ಒಂದೇ ಬಾಯಲ್ಲಿ ಹೇಳುತ್ತೇವೆ.

ಅದೇ ಹೊಸದುರ್ಗ ತಾಲ್ಲೂಕಿನಲ್ಲಿ ಸರ್ಕಾರಿ ಸಮೀಕ್ಷೆಯೂ ನಡೆಯಿತು. ಅಲ್ಲಿನ ತಹಶೀಲ್ದಾರರು ಬಲವಂತದ ಮತಾಂತರ ಕಂಡುಬಂದಿಲ್ಲ, ಜನ ತಾವಾಗಿಯೇ ಚರ್ಚಿಗೆ ಹೋಗುತ್ತಿದ್ದಾರೆ ಅಂತ ವರದಿ ಕೊಟ್ಟರು. ಡಿಸೆಂಬರಿನಲ್ಲಿ ಆ ತಹಶೀಲ್ದಾರರ ವರ್ಗಾವಣೆ ಆಯಿತು. ಡಿಸೆಂಬರ್ 23ರಂದು ವಿಧಾನಸಭೆಯಲ್ಲಿ ಮತಾಂತರ ಮಸೂದೆ ಪಾಸಾಯಿತು. ಈ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ಓದಿ. ನಾವು ಬೇರೆ ಏನೂ ಹೇಳೋದು ಬೇಕಿಲ್ಲ.

ಆ ಮಸೂದೆ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರಿನಲ್ಲಿ ಕಾಯ್ದೆಯಾಗಿ ಬಂತು. ಹೆಸರು ನೋಡಿದರೆ ನಗು ಬರುತ್ತದೆ: ಧಾರ್ಮಿಕ ಸ್ವಾತಂತ್ರ್ಯದ ಹಕ್ಕು ಸಂರಕ್ಷಣೆ! ಮತ ಬದಲಿಸುವವನು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ಫಾರಂ ತುಂಬಿ ಕೊಡಬೇಕು. ಅದನ್ನು ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರರ ಕಛೇರಿಗಳ ನೋಟೀಸು ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯಬೇಕು. ಅಪ್ಪ, ಅಮ್ಮ, ಅಣ್ಣ ತಮ್ಮ, ನೆಂಟರು, ಕೊನೆಗೆ ಜೊತೆಯಲ್ಲಿ ಕೆಲಸ ಮಾಡುವವನೂ ದೂರು ಕೊಡಬಹುದು. ಬಲವಂತ ಮಾಡಿಲ್ಲ ಅಂತ ಸಾಬೀತು ಮಾಡುವ ಹೊರೆ ಆಪಾದಿತನ ತಲೆ ಮೇಲೆ. ತನ್ನ ಹಿಂದಿನ ಧರ್ಮಕ್ಕೆ ವಾಪಸ್ ಬರುವವನಿಗೆ ಮಾತ್ರ ಇದು ಯಾವುದೂ ಇಲ್ಲ. ಮನೆಗೆ ಒಂದೇ ಬಾಗಿಲು, ಅದೂ ಒಳಕ್ಕೆ ಮಾತ್ರ ತೆರೆಯೋದು.

ಇಷ್ಟರಲ್ಲಿ ನಮ್ಮನ್ನು ಚುಚ್ಚುವ ಸಾಲು ಇನ್ನೊಂದಿದೆ. ಸಾಧಾರಣ ಶಿಕ್ಷೆ ಮೂರರಿಂದ ಐದು ವರ್ಷ, 25,000 ರೂಪಾಯಿ ದಂಡ. ಮತ ಬದಲಿಸಿದವರು ಅಪ್ರಾಪ್ತರು, ಬುದ್ಧಿ ಸ್ಥಿಮಿತ ಇಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಆಗಿದ್ದರೆ ಮತಾಂತರ ಮಾಡಿಸಿದವನಿಗೆ ಮೂರರಿಂದ ಹತ್ತು ವರ್ಷ, 50,000 ದಂಡ. ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಮಗು, ಹುಚ್ಚ, ಹೆಂಗಸು, ಹೊಲೆಯ ಮಾದಿಗ. ಎಲ್ಲರೂ ಒಂದೇ ಸಾಲಿನಲ್ಲಿ! ಇವರಿಗೆ ಸ್ವಂತ ಬುದ್ಧಿ ಇಲ್ಲ, ಯಾರು ಕರೆದರೆ ಅವರ ಹಿಂದೆ ಹೋಗುತ್ತಾರೆ ಅಂತ ಅರ್ಥ. ಎಂ.ಎ. ಓದಿದ ದಲಿತ, ಡಾಕ್ಟರಾದ ದಲಿತ ಹೆಣ್ಣುಮಗಳು, ನಮ್ಮ ಹಾಸ್ಟೆಲಿನ ಫಸ್ಟ್ ಕ್ಲಾಸ್ ಹುಡುಗ, ಎಲ್ಲರಿಗೂ ಇದೇ ಸಾಲು. ರಕ್ಷಣೆಯ ಹೆಸರಲ್ಲಿ ಮಾಡಿದ ಇಂಥ ಅವಮಾನವನ್ನು ನಮ್ಮವರೇ ಎಷ್ಟೋ ಜನ ಓದದೆ ಒಪ್ಪಿಕೊಂಡರು. 2023ರ ಜೂನ್ 15ರಂದು ಹೊಸ ಸರ್ಕಾರದ ಸಚಿವ ಸಂಪುಟ ಇದನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಆದರೆ ಆ ಸಾಲನ್ನು ಬರೆದ ಮನಸ್ಸು ಸಂಪುಟದ ತೀರ್ಮಾನದಿಂದ ರದ್ದಾಗೋದಿಲ್ಲ.

"ಮನೆಗೆ ವಾಪಸ್ ಬನ್ನಿ" ಅಂತ ಕರೆಯುತ್ತಾರಲ್ಲ, ಯಾವ ಮನೆ ಅಂತ ಕೇಳೋಣ. 2019ರ ಸೆಪ್ಟೆಂಬರಿನಲ್ಲಿ ಆಗಿನ ನಮ್ಮ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದಾಗ, ದಲಿತ ಅನ್ನೋ ಕಾರಣಕ್ಕೆ ಅವರನ್ನು ಹಟ್ಟಿಯೊಳಗೆ ಬಿಡಲಿಲ್ಲ. ಪಾರ್ಲಿಮೆಂಟಿನ ಬಾಗಿಲು ತೆರೆದವನಿಗೆ ಹಟ್ಟಿಯ ಬಾಗಿಲು ತೆರೆಯಲಿಲ್ಲ. ಹೊಸ್ತಿಲು ದಾಟಿಸದ ಮನೆಗೆ ವಾಪಸ್ ಬಾ ಅನ್ನೋದು ಯಾವ ನ್ಯಾಯ?

ಇಷ್ಟು ಹೊರಗಿನವರ ಮಾತಾಯಿತು. ಇನ್ನು ಕ್ರೈಸ್ತ ಧರ್ಮ ಏನು ಹೇಳುತ್ತದೆ ಅಂತ ನೋಡೋಣ. ನಂಬಿ ಅಥವಾ ನಂಬಬೇಡಿ, ತಿಳಿದುಕೊಳ್ಳೋದರಲ್ಲಿ ತಪ್ಪಿಲ್ಲ. ಪೌಲನು ರೋಮಿನವರಿಗೆ ಬರೆದ ಪತ್ರದ ಹದಿನಾಲ್ಕನೇ ಅಧ್ಯಾಯದಲ್ಲಿ ಊಟ ತಿಂಡಿಯ ಜಗಳ ಬರುತ್ತದೆ. ಒಬ್ಬ ಮಾಂಸ ತಿನ್ನುತ್ತಾನೆ, ಇನ್ನೊಬ್ಬ ತಿನ್ನೋದಿಲ್ಲ; ಒಬ್ಬನು ಒಂದು ದಿನವನ್ನು ದೊಡ್ಡದೆಂದು ಆಚರಿಸುತ್ತಾನೆ, ಇನ್ನೊಬ್ಬನಿಗೆ ಎಲ್ಲ ದಿನವೂ ಒಂದೇ. ಅಲ್ಲಿ ಅವನು ಕೊಡುವ ತೀರ್ಪು ಇಷ್ಟು: ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬೇಡ, ತಿನ್ನದವನು ತಿನ್ನುವವನನ್ನು ದೂಷಿಸಬೇಡ, ಪ್ರತಿಯೊಬ್ಬನೂ ತನ್ನ ಲೆಕ್ಕವನ್ನು ತಾನೇ ದೇವರಿಗೆ ಒಪ್ಪಿಸಬೇಕು. ತಿನ್ನೋದನ್ನು ನೋಡಿ ಮನುಷ್ಯನ ಬೆಲೆ ಕಟ್ಟುವ ನಾಡಿನಲ್ಲಿ, ಬಾಡಿನ ವಾಸನೆ ಬಂತು ಅಂತ ಬಾಡಿಗೆ ಮನೆ ಖಾಲಿ ಮಾಡಿಸಿಕೊಂಡ ನಮಗೆ, ಈ ಮಾತು ದೂರದ್ದು ಅನ್ನಿಸೋದಿಲ್ಲ.

ಈ ಮಾತನ್ನೇ ಹಿಡಿದು 1521ರಲ್ಲಿ ಜರ್ಮನಿಯ ವೋರ್ಮ್ಸ್ ಪಟ್ಟಣದಲ್ಲಿ ಮಾರ್ಟಿನ್ ಲೂಥರ್ ಚಕ್ರವರ್ತಿಯ ಮುಂದೆ ನಿಂತ. ಬರೆದದ್ದನ್ನು ವಾಪಸ್ ತಗೋ ಅಂದರು. ಆತ್ಮಸಾಕ್ಷಿಗೆ ವಿರುದ್ಧವಾಗಿ ನಡೆಯಲಾರೆ ಅಂತ ನಿರಾಕರಿಸಿದ. ದೊಡ್ಡ ಧೈರ್ಯ, ಒಪ್ಪೋಣ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ನಾಲ್ಕು ವರ್ಷದ ನಂತರ 1525ರಲ್ಲಿ ಅಲ್ಲಿನ ರೈತರು ಹನ್ನೆರಡು ಬೇಡಿಕೆ ಬರೆದು ಮುಂದಿಟ್ಟರು. ಕ್ರಿಸ್ತನು ಎಲ್ಲರನ್ನೂ ಬಿಡುಗಡೆ ಮಾಡಿದ ಮೇಲೆ ನಾವು ಧಣಿಗಳ ಜೀತದಾಳುಗಳು ಹೇಗಾದೇವು ಅಂತ ಕೇಳಿದರು. ಅವರು ದಂಗೆ ಎದ್ದಾಗ ಅದೇ ಲೂಥರ್ ರೈತರನ್ನು ಬಡಿದು ಹಾಕಿ ಅಂತ ಧಣಿಗಳಿಗೆ ಬರೆದ. ಸಾವಿರಾರು ರೈತರ ಹೆಣ ಬಿತ್ತು. ಒಳಗಿನ ಸ್ವಾತಂತ್ರ್ಯ ಬೇಕು, ಹೊರಗಿನ ಸಂಕೋಲೆ ಇರಲಿ ಅನ್ನೋ ಧರ್ಮ ಎಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ ಇದಕ್ಕಿಂತ ಪಾಠ ಬೇಡ. ರೋಮಿನ ಕ್ಯಾಥೊಲಿಕ್ ಸಭೆ ತನ್ನ ಕಡೆಯಿಂದ, ಧರ್ಮದ ವಿಷಯದಲ್ಲಿ ಯಾರನ್ನೂ ಆತ್ಮಸಾಕ್ಷಿಗೆ ವಿರುದ್ಧ ಬಲವಂತ ಮಾಡಬಾರದು ಅಂತ ಅಧಿಕೃತವಾಗಿ ಘೋಷಿಸಿದ್ದು 1965ರ ಡಿಸೆಂಬರಿನಲ್ಲಿ.

ನಮ್ಮ ನೆಲದ ಚರ್ಚುಗಳೂ ಈ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗಿಲ್ಲ. ದೇವರ ಮುಂದೆ ಎಲ್ಲರೂ ಒಂದೇ ಅಂತ ಬೋಧಿಸಿ, ಕೂರುವ ಜಾಗ ಬೇರೆ, ಹೂಳುವ ಜಾಗ ಬೇರೆ ಮಾಡಿದ ಸಭೆಗಳಿವೆ. ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಅಂತ ಭಾರತದ ಕ್ಯಾಥೊಲಿಕ್ ಬಿಷಪ್ಪರೇ 2016ರ ತಮ್ಮ ನೀತಿ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಬಾಬಾಸಾಹೇಬರು ಕ್ರೈಸ್ತರಾದ ಅಸ್ಪೃಶ್ಯರ ಬಗ್ಗೆ ಬರೆಯುವಾಗ ಇದನ್ನು ಮುಚ್ಚಿಡಲಿಲ್ಲ. ಇದಕ್ಕೆ ಎದುರು ನಿಂತ ದನಿಯೂ ಆ ಕಡೆಯಿಂದಲೇ ಬಂತು. 1981ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರ ಅನ್ನೋ ಚಿಂತನೆ ಬೆಳೆಯಿತು. ಮೇಲ್ಜಾತಿಯ ಕಣ್ಣಿನಿಂದ ದೇವರನ್ನು ನೋಡೋದು ಸಾಕು, ತುಳಿತಕ್ಕೆ ಸಿಕ್ಕವನ ಕಣ್ಣಿನಿಂದ ನೋಡೋಣ ಅನ್ನೋದು ಅದರ ದಾರಿ.

ಆದ್ದರಿಂದ ಪಾಸ್ಟರುಗಳಿಗೂ ನಮ್ಮದೊಂದು ಮಾತಿದೆ. ದೇವರ ಮುಂದೆ ಪ್ರತಿಯೊಬ್ಬನೂ ತಾನೇ ನಿಲ್ಲಬೇಕು ಅಂತ ನೀವೇ ಬೋಧಿಸುತ್ತೀರಿ. ಹಾಗಾದರೆ ನಡುವೆ ನೀವು ಅಡ್ಡ ನಿಲ್ಲಬೇಡಿ. ಅಂಬೇಡ್ಕರ್ ಜಯಂತಿಗೆ ಹೋಗಬೇಡ, ತಮಟೆ ಮುಟ್ಟಬೇಡ, ಆ ಪುಸ್ತಕ ಓದಬೇಡ, ಇಂಥವರಿಗೇ ಓಟು ಹಾಕು ಅಂತ ಹೇಳುವವನು ಪೂಜಾರಿಯ ಕೆಲಸವನ್ನೇ ಬೇರೆ ಅಂಗಿ ತೊಟ್ಟು ಮಾಡುತ್ತಿದ್ದಾನೆ.

ಈಗ ಅತ್ಯಂತ ಕಷ್ಟದ ಮಾತು. ಅದು ನಮ್ಮ ಬಗ್ಗೆಯೇ.

ನಾವು ಹಾಸ್ಟೆಲಿನಲ್ಲಿದ್ದಾಗ ನಮ್ಮ ರೂಮಿನಲ್ಲಿ ಒಬ್ಬ ಗೆಳೆಯನಿದ್ದ. ತಟ್ಟೆ ಮುಂದೆ ಕೂತು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ. ನಾವೆಲ್ಲ ಕ್ರಾಂತಿಕಾರಿಗಳು! "ಹಾಲಿನ ಪುಡಿ ಬಂತು ನೋಡ್ರೋ" ಅಂತ ಹಾಸ್ಯ ಮಾಡಿದೆವು. "ಅಮೆರಿಕದವರು ಗೋಧಿ ಕೊಟ್ಟರೆ ನಿಮ್ಮ ಅಜ್ಜ ದೇವರನ್ನೇ ಮಾರಿದ" ಅಂದೆವು. ಅವನು ಎದುರು ಮಾತಾಡಲಿಲ್ಲ. ಮೊದಲು ಕಣ್ಣು ಮುಚ್ಚೋದು ಬಿಟ್ಟ, ಆಮೇಲೆ ನಮ್ಮ ಜೊತೆ ಕೂತು ಉಣ್ಣೋದು ಬಿಟ್ಟ, ಕೊನೆಗೆ ನಮ್ಮ ಅಧ್ಯಯನ ಶಿಬಿರಕ್ಕೆ ಬರೋದನ್ನೇ ಬಿಟ್ಟ. ಜೀತದ ಬಗ್ಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಿದ್ದವನು ಅವನೇ. ಅವನನ್ನು ಚಳವಳಿಯಿಂದ ಹೊರಗೆ ಹಾಕಿದ್ದು ಯಾವ ಜಮೀನ್ದಾರನೂ ಅಲ್ಲ, ನಾವು. ಹಾಲಿನ ಪುಡಿಗೆ ಧರ್ಮ ಮಾರಿದ ಅಂತ ನಾವು ಅಂದದ್ದಕ್ಕೂ, ಬುದ್ಧಿ ಸ್ಥಿಮಿತ ಇಲ್ಲದವರ ಜೊತೆ ಪರಿಶಿಷ್ಟರನ್ನು ಸೇರಿಸಿ ಬರೆದ ಆ ಸಾಲಿಗೂ ಏನು ವ್ಯತ್ಯಾಸ? ನಮ್ಮ ಜನಕ್ಕೆ ಹೊಟ್ಟೆ ಮಾತ್ರ ಇದೆ, ಮನಸ್ಸಿಲ್ಲ ಅನ್ನೋದು ಎರಡೂ ಕಡೆಯ ಮಾತು. ಹಸಿದವನು ಅನ್ನ ಕೊಟ್ಟವನ ದೇವರನ್ನು ನೆನೆದರೆ ಅದರಲ್ಲಿ ನಾಚಿಕೆ ಪಡಬೇಕಾದವನು ಹಸಿದವನಲ್ಲ. ಅನ್ನ ಇದ್ದೂ ಕೊಡದ ಊರಿನವನು.

ಇಲ್ಲಿ ಬುದ್ಧಿವಂತ ಗೆಳೆಯರು ಒಂದು ಪ್ರಶ್ನೆ ಹಾಕುತ್ತಾರೆ. "ಎಲ್ಲವೂ ಅವರವರ ಆತ್ಮಸಾಕ್ಷಿ ಅಂದರೆ, ಬೆತ್ತಲೆ ಸೇವೆಯೂ ಆತ್ಮಸಾಕ್ಷಿಯಾ? ಮುತ್ತು ಕಟ್ಟೋದೂ ಭಕ್ತಿಯಾ? 1986ರಲ್ಲಿ ಚಂದ್ರಗುತ್ತಿಯಲ್ಲಿ ದಲಿತ ಸಂಘರ್ಷ ಸಮಿತಿಯವರು ಯಾಕೆ ಏಟು ತಿಂದರು?" ನ್ಯಾಯವಾದ ಪ್ರಶ್ನೆ. ಉತ್ತರ ಇದು: ಒಲ್ಲೆ ಅನ್ನೋದಕ್ಕೆ ಜಾಗ ಇಲ್ಲದ ಕಡೆ ಆತ್ಮಸಾಕ್ಷಿಗೆ ಜಾಗ ಇಲ್ಲ. ದಲಿತರ ಮನೆಯ ಹೆಣ್ಣುಮಗುವಿಗೆ ಬುದ್ಧಿ ಬರುವ ಮೊದಲೇ ಮುತ್ತು ಕಟ್ಟಿದರೆ ಅವಳನ್ನು ಕೇಳಿದವರಾರು? ಹುಟ್ಟಿದ ಜಾತಿ ಅವಳ ದೇವರನ್ನೂ ಅವಳ ಮೈಯನ್ನೂ ತೀರ್ಮಾನ ಮಾಡಿತು. ಅದಕ್ಕೇ 1982ರ ದೇವದಾಸಿ ನಿಷೇಧ ಕಾಯ್ದೆಯನ್ನು ನಾವು ಬೆಂಬಲಿಸುತ್ತೇವೆ. ಬೇಡ ಅಂದರೆ ಏಟು ಬೀಳದೆ, ಬಹಿಷ್ಕಾರ ಬೀಳದೆ, ಕೂಲಿ ನಿಲ್ಲದೆ, ಸೀಟು ಹೋಗದೆ ಇರುವ ಜಾಗದಲ್ಲಿ ಮಾತ್ರ ಮನುಷ್ಯನ "ಹೂಂ" ನಿಜವಾದ ಹೂಂ. ಮಾರಮ್ಮನ ಜಾತ್ರೆಗೂ ಈ ಅಳತೆ, ಪ್ರಾರ್ಥನಾ ಮನೆಗೂ ಇದೇ ಅಳತೆ, ನಮ್ಮ ಸಂಘಟನೆಗೂ ಇದೇ ಅಳತೆ.

ಬಾಬಾಸಾಹೇಬರ ದಾರಿ ನೋಡಿ. ಹಿಂದುವಾಗಿ ಸಾಯೋದಿಲ್ಲ ಅಂತ ಯೇವಲೆಯಲ್ಲಿ ಹೇಳಿದ್ದು 1935ರ ಅಕ್ಟೋಬರ್ 13ರಂದು. ನಾಗಪುರದಲ್ಲಿ ಬೌದ್ಧ ದೀಕ್ಷೆ ತಗೊಂಡದ್ದು 1956ರ ಅಕ್ಟೋಬರ್ 14ರಂದು. ನಡುವೆ ಇಪ್ಪತ್ತೊಂದು ವರ್ಷ. ನಮ್ಮ ಕಡೆ ಬನ್ನಿ ಅಂತ ಬೇರೆ ಬೇರೆ ಧರ್ಮದವರು ಕರೆದರು. ಅವರು ಓದಿದರು, ತೂಗಿದರು, ಕಾದರು. ಯಾರ ಆತುರಕ್ಕೂ ಸಿಗಲಿಲ್ಲ. ಅಪ್ಪಣೆ ಕೇಳಲು ಯಾವ ಜಿಲ್ಲಾಧಿಕಾರಿಯ ಹತ್ತಿರವೂ ಹೋಗಲಿಲ್ಲ. ಅವರ ಅಧ್ಯಕ್ಷತೆಯ ಸಮಿತಿ ಕರಡು ಮಾಡಿದ ಸಂವಿಧಾನದ 25ನೇ ವಿಧಿಯಲ್ಲಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಮೊದಲು ಬರುತ್ತದೆ, ಧರ್ಮ ಆಮೇಲೆ ಬರುತ್ತದೆ. 2017ರ ಪುಟ್ಟಸ್ವಾಮಿ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕು ಅಂದರು. ತನ್ನ ನಂಬಿಕೆಯನ್ನು ಊರಿಗೆ ಹೇಳೋದೋ ಬಿಡೋದೋ ಮನುಷ್ಯನ ಆಯ್ಕೆ ಅನ್ನೋ ಮಾತೂ ಅದರಲ್ಲಿದೆ. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ನೋಟೀಸು ಬೋರ್ಡಿಗೆ ನಮ್ಮ ಹೆಸರು ಹಚ್ಚುವವರು ಇದನ್ನು ಓದಲಿ.

ಗೆಳೆಯರೇ, ನಾವು ಹೇಳೋದು ಇಷ್ಟು. 1950ರ ಆದೇಶದ ಮೂರನೇ ಪ್ಯಾರಾ ಹೋಗಬೇಕು. ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಅದನ್ನು ತೆಗೆಯಿರಿ ಅಂತ ಶಿಫಾರಸು ಮಾಡಿದೆ. ಅದಕ್ಕೆ ತಕ್ಕಂತೆ ಮೀಸಲಾತಿಯ ಪಾಲೂ ಹೆಚ್ಚಬೇಕು. ಒಂದು ರೊಟ್ಟಿಗೆ ಇಬ್ಬರು ದಲಿತರನ್ನು ಜಗಳಕ್ಕೆ ಬಿಟ್ಟು ಮೇಲಿನವರು ನೋಡುತ್ತಾ ಕೂರೋದು ಬೇಡ. ಹಾಸ್ಟೆಲಿನಲ್ಲಿ ಪ್ರಾರ್ಥಿಸುವವನನ್ನು ಯಾರೂ ಹಾಸ್ಯ ಮಾಡಬಾರದು. ಪ್ರಾರ್ಥಿಸದವನನ್ನು ಯಾರೂ ಬಲವಂತ ಮಾಡಬಾರದು. ದೇವರೇ ಇಲ್ಲ ಅನ್ನುವವನಿಗೂ ಅದೇ ತಟ್ಟೆ, ಅದೇ ಸಾಲು. ಪ್ರಾರ್ಥನಾ ಮನೆಗೆ ಯಾರಾದರೂ ಕಲ್ಲು ಹೊಡೆದರೆ ಅದು ಕ್ರೈಸ್ತರ ಸಮಸ್ಯೆ ಅಂತ ಸುಮ್ಮನಿರಬಾರದು. ಅಲ್ಲಿ ಕೂತಿರೋದು ನಮ್ಮ ಅವ್ವಂದಿರು.

ಯಲ್ಲದಕೆರೆಯ ಆ ಹುಡುಗನಿಗೆ ಕೊನೆಯ ಮಾತು. ತಮ್ಮಾ, ನಿಮ್ಮವ್ವ ವಾರವೆಲ್ಲ ಬೇರೆಯವರ ಹೊಲದಲ್ಲಿ ಬಗ್ಗುತ್ತಾಳೆ. ಭಾನುವಾರ ಒಂದು ಗಂಟೆ ಯಾರಿಗೂ ಬಗ್ಗದೆ ತನ್ನ ದೇವರ ಜೊತೆ ತಾನೇ ಮಾತಾಡುತ್ತಾಳೆ. ಆ ಗಂಟೆ ಅವಳದು. ನೀನು ಅಲ್ಲಿಗೆ ಹೋಗಬೇಕೋ ಬೇಡವೋ, ಅದು ನಿನ್ನದು. ಪಾಸ್ಟರೂ ಹೇಳಬಾರದು, ಶಾಸಕರೂ ಹೇಳಬಾರದು, ಈ ಪತ್ರಿಕೆಯ ನಾವೂ ಹೇಳಬಾರದು. ಮುಂದಿನ ಸಭೆಗೆ ಮಾತ್ರ ತಪ್ಪದೆ ಬಾ. ಗೋಡೆ ಪಕ್ಕ ನಿಲ್ಲಬೇಡ, ಮುಂದಿನ ಸಾಲಿನಲ್ಲಿ ಕೂತು ಅದೇ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳು. ಎಲ್ಲರಿಗೂ ಕೇಳಿಸಲಿ.

ಜೈ ಭೀಮ್.